ಮೆಜೆಸ್ಟಿಕ್ ಗದ್ದಲದಲ್ಲಿ ಫೋನ್ ಹೇಳುವುದೇ ಕೇಳಿಸುವುದಿಲ್ಲ. ಬಿಳಿ ಕೋಲು ಹಿಡಿಯುವವರು ಏನು ಮಾಡುತ್ತೀರಿ?

ಪ್ರಶ್ನೆ: ಹಾಸನದ ಹುಡುಗ

ಎಲ್ಲರಿಗೂ ನಮಸ್ಕಾರ. ಬಾಯಲ್ಲಿ ಹೇಳಿ ಟೈಪ್ ಮಾಡಿಸುತ್ತಿದ್ದೇನೆ, ಅಕ್ಷರ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನನಗೆ ರೆಟಿನೈಟಿಸ್ ಪಿಗ್ಮೆಂಟೋಸಾ, ಅಂದರೆ ಕಣ್ಣಿನ ಒಳಪರದೆ ನಿಧಾನವಾಗಿ ಸವೆಯುವ ಕಾಯಿಲೆ. ಮೊದಮೊದಲು ರಾತ್ರಿ ಹೊತ್ತು ಕಾಣುತ್ತಿರಲಿಲ್ಲ. ಆಮೇಲೆ ಪಕ್ಕದ ನೋಟ ಹೋಯಿತು. ಈಗ ಬೆಳಕು, ನೆರಳು ಗೊತ್ತಾಗುತ್ತದೆ ಅಷ್ಟೆ. ಕೋಲು ಹಿಡಿದು ನಡೆಯುವುದನ್ನು ಕಲಿತಿದ್ದೇನೆ. ಫೋನಿನ ಪರದೆಯಲ್ಲಿರುವುದನ್ನು ಓದಿ ಹೇಳುವ ಟಾಕ್‌ಬ್ಯಾಕ್ ಚೆನ್ನಾಗಿ ಅಭ್ಯಾಸ ಆಗಿದೆ. ಕೆಲಸ ಬೆಂಗಳೂರಿನಲ್ಲಿ. ಮೆಟ್ರೊದಲ್ಲಿ ಮೆಜೆಸ್ಟಿಕ್‌ಗೆ ಬಂದು ಅಲ್ಲಿಂದ ಹೆಬ್ಬಾಳದ ಕಡೆ ಹೋಗುವ ಬಸ್ ಹಿಡಿಯಬೇಕು.

ಮೆಟ್ರೊ ಒಳಗೆ ಏನೂ ತೊಂದರೆ ಇಲ್ಲ. ಮುಂದಿನ ನಿಲ್ದಾಣ ಯಾವುದು, ಬಾಗಿಲು ಯಾವ ಕಡೆ ಅಂತ ಸ್ಪಷ್ಟವಾಗಿ ಹೇಳುತ್ತದೆ. ಮೇಲೆ ಬಂದೆ ಅಂದರೆ ಶುರು. ಹತ್ತಾರು ಇಂಜಿನ್ ಒಟ್ಟಿಗೆ ಗುರ್ ಅನ್ನುತ್ತಿರುತ್ತವೆ. ಹಾರ್ನ್, ಸೀಟಿ, ‘ಮಾರ್ಕೆಟ್ ಮಾರ್ಕೆಟ್’ ಅನ್ನುವವರು, ಕಿವಿ ಹತ್ತಿರವೇ ಬಂದು ‘ಇಯರ್‌ಫೋನ್ ಬೇಕಾ ಸಾರ್’ ಅನ್ನುವವರು. ಫೋನು ‘ಮೂವತ್ತು ಮೀಟರ್ ಮುಂದೆ...’ ಅಂತ ಶುರು ಮಾಡುತ್ತದೆ. ಮುಂದಿನದು ಯಾವುದೋ ಹಾರ್ನಿನ ಪಾಲು. ಎಡವೋ ಬಲವೋ ಗೊತ್ತಾಗುವುದಿಲ್ಲ. ವಾಲ್ಯೂಮ್ ಪೂರ್ತಿ ಏರಿಸಿದರೆ ಫೋನಿನ ದನಿ ಕೇಳುತ್ತದೆ, ಆದರೆ ಹಿಂದಿನಿಂದ ಬರುವ ಬಸ್ ಕೇಳುವುದಿಲ್ಲ. ಒಂದು ಸಲ ಕೋಲಿಗೆ ಬಸ್ಸಿನ ಚಕ್ರ ತಾಗಿತು. ಬಸ್ ನಿಂತೇ ಇತ್ತು, ಏನೂ ಆಗಲಿಲ್ಲ. ಆದರೂ ಎದೆ ಸ್ವಲ್ಪ ಹೊತ್ತು ಹೊಡೆದುಕೊಳ್ಳುತ್ತಲೇ ಇತ್ತು.

ಮನೆಯಲ್ಲಿ ಅಮ್ಮ ‘ಯಾರನ್ನಾದರೂ ಜೊತೆಗೆ ಕರ್ಕೊಂಡು ಹೋಗು’ ಅನ್ನುತ್ತಾರೆ. ಪ್ರತಿದಿನ ಯಾರು ಸಿಗುತ್ತಾರೆ? ಸಿಕ್ಕರೂ ನನಗೆ ಬೇಡ.

ಮೂಳೆ ಮೂಲಕ ಕೇಳಿಸುವ ಹೆಡ್‌ಫೋನ್ ತಗೊಳ್ಳಲಾ? ಒಂದು ಕಿವಿಗೆ ಹಾಕಿಕೊಳ್ಳಬೇಕಾ, ಎರಡಕ್ಕೂನಾ? ಇಂಥ ಜಾಗಕ್ಕೆ ಬೇರೆ ಏನಾದರೂ ಉಪಾಯ ಇದೆಯಾ? ನಿಜವಾಗಿ ಓಡಾಡುವವರು ಹೇಳಿ, ಪ್ಲೀಸ್.

ಉತ್ತರ: ಗ್ಯಾಜೆಟ್ ಗಿರಿ

ಬ್ರೋ, ನಾಯ್ಸ್ ಕ್ಯಾನ್ಸಲಿಂಗ್ ಇರುವ ಒಳ್ಳೆ ಇಯರ್‌ಬಡ್ಸ್ ತಗೊಳ್ಳಿ. ನಾನು ಬಸ್ಸಲ್ಲಿ ಹಾಕ್ಕೊಂಡರೆ ಹೊರಗಿನ ಸದ್ದೇ ಇರಲ್ಲ, ಸ್ಟುಡಿಯೊದಲ್ಲಿ ಕೂತ ಹಾಗೆ. ಈಗ ರೇಟೂ ಕಡಿಮೆ ಆಗಿದೆ. ಸಮಸ್ಯೆ ಅಲ್ಲಿಗೇ ಮುಗೀತು.

ಉತ್ತರ: ಆಪರೇಟರ್ ಅಕ್ಕ

ಹಾಸನದ ತಮ್ಮಾ, ಗಿರಿ ಅವರು ಒಳ್ಳೆ ಮನಸ್ಸಿನಿಂದಲೇ ಹೇಳಿದ್ದಾರೆ. ಆದರೆ ಅದನ್ನು ಮಾತ್ರ ಮಾಡಬೇಡ. ಆ ಇಯರ್‌ಬಡ್ ಮೊದಲು ಅಳಿಸಿ ಹಾಕುವುದು ಯಾವುದನ್ನು ಗೊತ್ತಾ? ಒಂದೇ ಸಮನೆ ಬರುವ ದಪ್ಪ ಸದ್ದನ್ನು. ಅಂದರೆ ಬಸ್ಸಿನ ಇಂಜಿನ್ನನ್ನು. ಕಣ್ಣಿದ್ದವರಿಗೆ ಅದು ಗದ್ದಲ. ನಿನಗೆ, ನನಗೆ ಬಸ್ ಎಲ್ಲಿದೆ ಅಂತ ಹೇಳುವುದೇ ಅದು.

ನನ್ನ ಪರಿಚಯ ಇಷ್ಟು. ಹುಟ್ಟಿನಿಂದ ಕಣ್ಣಿಲ್ಲ. ಒಂದು ಬ್ಯಾಂಕಿನಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದು ನಿವೃತ್ತಿ ಆದವಳು. ಬೋರ್ಡಿನ ಮುಂದೆ ಕೂತರೆ ಒಂದು ಕಿವಿಗೆ ಹೆಡ್‌ಸೆಟ್, ಇನ್ನೊಂದು ಕಿವಿ ಕೌಂಟರಿನ ಜಗಳದ ಕಡೆ. ಮ್ಯಾನೇಜರ್ ಕುರ್ಚಿಯಿಂದ ಎದ್ದರೆ ನನಗೇ ಮೊದಲು ಗೊತ್ತಾಗುತ್ತಿತ್ತು. ರಸ್ತೆಯಲ್ಲೂ ಅದೇ ಲೆಕ್ಕ: ಒಂದು ಕಿವಿ ಫೋನಿಗೆ, ಒಂದು ಕಿವಿ ಊರಿಗೆ.

ಹಾಗಾಗಿ ಒಂದೇ ಕಿವಿಗೆ ಹಾಕಿಕೋ. ರಸ್ತೆ ಯಾವ ಕಡೆ ಇದೆಯೋ ಆ ಕಿವಿ ಖಾಲಿ ಇರಲಿ. ತಂತಿ ಇರುವ ಸಾದಾ ಇಯರ್‌ಫೋನೇ ಸಾಕು. ಬ್ಲೂಟೂತ್ ಆದರೆ ಟಾಕ್‌ಬ್ಯಾಕ್ ಮಾತು ಒಂದು ಗಳಿಗೆ ತಡವಾಗಿ ಬರುತ್ತದೆ, ಮೊದಲ ಅಕ್ಷರ ನುಂಗಿ ಹೋಗುವುದೂ ಉಂಟು. ಫೋನಿನ ಆ್ಯಕ್ಸೆಸಿಬಿಲಿಟಿ ಸೆಟ್ಟಿಂಗಿನಲ್ಲಿ ‘ಮೋನೊ ಆಡಿಯೊ’ ಅಂತ ಇರುತ್ತದೆ, ಅದನ್ನು ಆನ್ ಮಾಡು. ಇಲ್ಲದಿದ್ದರೆ ಕೆಲವು ಆ್ಯಪ್‌ಗಳು ಇನ್ನೊಂದು ಕಿವಿಗೆ ಕಳಿಸುವ ಸದ್ದು ನಿನಗೆ ಬರುವುದೇ ಇಲ್ಲ.

ಮೂಳೆ ಹೆಡ್‌ಫೋನ್ ನನ್ನ ಹತ್ತಿರವೂ ಇದೆ. ಮಗಳು ಕೊಡಿಸಿದ್ದು. ಕಿವಿ ಮುಂದೆ ಕೆನ್ನೆ ಮೂಳೆಗೆ ಒತ್ತಿಕೊಂಡು ಕೂರುತ್ತದೆ, ಕಿವಿ ತೆರೆದೇ ಇರುತ್ತದೆ. ವಿಜಯನಗರದ ಒಳ ರಸ್ತೆಗಳಲ್ಲಿ ಅದಕ್ಕಿಂತ ಚಂದದ್ದು ಇಲ್ಲ. ಮೆಜೆಸ್ಟಿಕ್‌ನಲ್ಲಿ ಮಾತ್ರ ಕೈ ಕೊಡುತ್ತದೆ. ಮೂಳೆಯಿಂದ ಬಂದರೂ ಗಾಳಿಯಿಂದ ಬಂದರೂ ಸದ್ದು ಕೊನೆಗೆ ಸೇರುವುದು ಒಳಗಿವಿಗೇ. ಅಲ್ಲಿ ಇಂಜಿನ್ ಆಗಲೇ ಬಂದು ಕೂತಿದ್ದರೆ ಫೋನಿನ ದನಿಗೆ ಜಾಗ ಎಲ್ಲಿ? ದುಡ್ಡಿದ್ದರೆ ತಗೋ. ಇದಕ್ಕಾಗಿಯೇ ಸಾಲ ಮಾಡಬೇಡ.

ವಾಲ್ಯೂಮ್ ಏರಿಸುವುದನ್ನಂತೂ ಇವತ್ತೇ ಬಿಡು. 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ಗಂಟೆಗಿಂತ ಜಾಸ್ತಿ ಕೇಳಬಾರದು ಅಂತ ಲೆಕ್ಕ. ಅಲ್ಲಿಂದ ಪ್ರತಿ 3 ಡೆಸಿಬಲ್‌ಗೆ ಆ ಹೊತ್ತು ಅರ್ಧ ಆಗುತ್ತಾ ಹೋಗುತ್ತದೆ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ. ಬಸ್ಸಿನ ಗದ್ದಲದ ಮೇಲೆ ಫೋನಿನ ದನಿ ತೇಲಬೇಕು ಅಂದರೆ ನೀನು ಅದರ ಆಚೆಗೇ ಹೋಗಿರುತ್ತೀಯ. ಕಣ್ಣು ಹೋದವರು ಕಿವಿಯನ್ನೂ ಸವೆಸಿಕೊಂಡರೆ ಆಮೇಲೆ ಯಾವ ಆ್ಯಪ್ ಬಂದು ಏನು ಮಾಡೀತು?

ಹಾಗಾದರೆ ಮಾಡುವುದೇನು? ಗದ್ದಲದ ಒಳಗೆ ಹೋಗುವ ಮೊದಲೇ ಕೇಳಿಸಿಕೊಂಡು ಮುಗಿಸಬೇಕು. ಮೆಟ್ರೊ ಸ್ಟೇಷನ್ ಒಳಗೆ, ಟಿಕೆಟ್ ಗೇಟಿನ ಹತ್ತಿರವೇ ಒಂದು ಗೋಡೆಗೆ ಬೆನ್ನು ಕೊಟ್ಟು ನಿಲ್ಲು. ಪೂರ್ತಿ ದಾರಿಯನ್ನು ಅಲ್ಲೇ ಓದಿಸಿಕೋ. ಎಷ್ಟು ತಿರುವು, ಮೊದಲನೆಯದು ಯಾವ ಕಡೆ, ಎಲ್ಲಿ ಮೆಟ್ಟಿಲು. ಬಾಯಿಪಾಠ ಮಾಡಿಕೊಂಡು ಮೇಲೆ ಹತ್ತು. ಮೇಲೆ ಹೋದಮೇಲೆ ಫೋನಿನ ಕೆಲಸ ನೆನಪು ಮಾಡಿಸುವುದು ಮಾತ್ರ.

ಮೇಲೆ ಮತ್ತೆ ಕೇಳಲೇಬೇಕಾದರೆ ನಡೆಯುತ್ತಾ ಕೇಳಬೇಡ. ಕಂಬ ಹುಡುಕು. ಕಂಬದ ಹಿಂದೆ, ಬಸ್ಸುಗಳಿಗೆ ಬೆನ್ನು ಮಾಡಿ ನಿಂತರೆ ಸದ್ದು ಎಷ್ಟೋ ಇಳಿಯುತ್ತದೆ. ನಿಂತೇ ನೋಡು, ಗೊತ್ತಾಗುತ್ತದೆ. ಟಾಕ್‌ಬ್ಯಾಕ್‌ನಲ್ಲಿ ಕೊನೆಯ ಮಾತನ್ನು ಮತ್ತೊಮ್ಮೆ ಹೇಳಿಸುವ ಆಯ್ಕೆ ಇದೆ. ಅದನ್ನು ಸುಲಭವಾದ ಒಂದು ಬೆರಳಾಟಕ್ಕೆ ಕಟ್ಟಿಟ್ಟುಕೋ. ಹಾರ್ನ್ ನುಂಗಿದ್ದನ್ನು ವಾಪಸ್ ಕಕ್ಕಿಸಬಹುದು. ಮನೆಯಲ್ಲಿ ನಿನ್ನ ಟಾಕ್‌ಬ್ಯಾಕ್ ರೈಲಿನ ಹಾಗೆ ಓಡುತ್ತಿರಬೇಕು, ನಮ್ಮವರೆಲ್ಲ ಹಾಗೇ. ಹೊರಗೆ ಹೋಗುವಾಗ ವೇಗ ಇಳಿಸು.

ಇನ್ನು ಕೋಲು. ನಿನ್ನ ಕೋಲಿನ ತುದಿ ಪೆನ್ಸಿಲ್ ಥರದ್ದಾ? ಅದು ಟಕ್ ಟಕ್ ಅನ್ನುವ ಸದ್ದಿನಿಂದ ನೆಲ ತಿಳಿಸುತ್ತದೆ. ಗದ್ದಲದಲ್ಲಿ ಆ ಟಕ್ ಟಕ್ ಕೇಳುವುದೇ ಇಲ್ಲ. ಉರುಳುವ ದಪ್ಪ ಗುಂಡಿನ ತುದಿ ಹಾಕಿಸು. ಅದನ್ನು ನೆಲದಿಂದ ಎತ್ತದೆ ಎಡಕ್ಕೆ ಬಲಕ್ಕೆ ಎಳೆಯುತ್ತಾ ಹೋಗಬಹುದು. ನೆಲ ಸಿಮೆಂಟಾ, ಗ್ರಾನೈಟಾ, ಕಬ್ಬಿಣದ ಜಾಲರಿಯಾ ಅಂತ ನೇರವಾಗಿ ಅಂಗೈಗೆ ಬರುತ್ತದೆ. ಹಳದಿ ಟೈಲ್ಸ್ ಇರುವ ಕಡೆ ಗೆರೆ ಸಿಕ್ಕರೆ ನಡಿ, ಚುಕ್ಕೆ ಸಿಕ್ಕರೆ ನಿಲ್ಲು. ಜಪಾನಿನ ಒಕಾಯಾಮಾದಲ್ಲಿ 1967ರಲ್ಲಿ ಸೆಯಿಚಿ ಮಿಯಾಕೆ ಅನ್ನುವವರು ಮೊದಲು ಹಾಕಿಸಿದ ಟೈಲ್ಸ್ ಅದು. ಪುಣ್ಯಾತ್ಮ. ಕಾಲಿಗೆ ಹೇಳುವ ಮಾತನ್ನು ಯಾವ ಹಾರ್ನೂ ಮುಚ್ಚಲಾರದು. ನಮ್ಮೂರಲ್ಲಿ ಅದರ ಮೇಲೆ ಬೈಕ್ ನಿಲ್ಲಿಸುತ್ತಾರೆ, ಅದು ಬೇರೆ ಕಥೆ.

ಬಸ್ ನಂಬರಿನದೂ ಒಂದು ಮಾತು. ಗದ್ದಲದಲ್ಲಿ ನಂಬರ್ ನಂಬಬೇಡ. ಇನ್ನೂರು, ಮುನ್ನೂರು, ಐನೂರು ಎಲ್ಲದರ ಬಾಲವೂ ಒಂದೇ. ಇಂಜಿನ್ ಸದ್ದು ತಲೆ ಕತ್ತರಿಸಿದರೆ ನಿನಗೆ ಉಳಿಯುವುದು ಬರೀ ‘ನೂರು’. ಮೂವತ್ತು, ನಲವತ್ತು, ಐವತ್ತು, ಅರವತ್ತು ಕೂಡ ಹಾಗೇ. ಇಂಗ್ಲಿಷ್ ಅಕ್ಷರ ಸೇರಿದರಂತೂ ಮುಗಿದೇ ಹೋಯಿತು. ಬಿ, ಸಿ, ಡಿ, ಇ, ಜಿ, ಪಿ ಎಲ್ಲ ‘ಈ’ ಅಂತಲೇ ಕೇಳುತ್ತದೆ. ಊರಿನ ಹೆಸರು ಕೇಳು. ಹೆಬ್ಬಾಳಕ್ಕೂ ಬನಶಂಕರಿಗೂ ಯಾವ ಗದ್ದಲದಲ್ಲೂ ಗೊಂದಲ ಆಗುವುದಿಲ್ಲ.

ಐಐಟಿ ದೆಹಲಿಯವರು ‘ಆನ್‌ಬೋರ್ಡ್’ ಅಂತ ಒಂದು ಸಾಧನ ಮಾಡಿದ್ದಾರೆ, ಕೇಳಿದ್ದೀಯಾ? ಕೈಯಲ್ಲಿ ಒಂದು ಸಣ್ಣ ಡಬ್ಬಿ. ಗುಂಡಿ ಒತ್ತಿದರೆ ಹತ್ತಿರ ಇರುವ ಬಸ್ಸುಗಳ ನಂಬರನ್ನು ರೇಡಿಯೊ ಮೂಲಕ ಹಿಡಿದು ಓದುತ್ತದೆ. ನಿನಗೆ ಬೇಕಾದ್ದನ್ನು ಆರಿಸಿದರೆ ಆ ಬಸ್ಸಿನ ಬಾಗಿಲ ಹತ್ತಿರ ಇರುವ ಸ್ಪೀಕರ್ ಕೂಗುತ್ತದೆ. ಸದ್ದು ಬಂದ ಕಡೆ ನಡೆದರೆ ಬಾಗಿಲು. ಬೆಂಗಳೂರಿನ ಕೆಲವು ಬಸ್ಸುಗಳಲ್ಲೂ ಪ್ರಯೋಗ ಮಾಡಿದ್ದಾರೆ. ನನಗೆ ಅದರಲ್ಲಿ ಹಿಡಿಸಿದ್ದು ಇಷ್ಟೇ: ಹೇಳಬೇಕಾದ ಜಾಗದಿಂದಲೇ ಸದ್ದು ಬರುತ್ತದೆ. ‘ಹತ್ತು ಮೀಟರ್ ಮುಂದೆ ಹೋಗಿ ಬಲಕ್ಕೆ’ ಅನ್ನುವ ಪುರಾಣ ಬೇಕಿಲ್ಲ. ಬಾಗಿಲೇ ‘ಇಲ್ಲಿದ್ದೀನಿ’ ಅನ್ನುತ್ತದೆ.

ಅಮ್ಮನಿಗೆ ಹೇಳು, ಒಬ್ಬನೇ ಹೋಗುವವನಿಗೇ ಕಿವಿ ಪಳಗುವುದು ಅಂತ. ಅವರು ಒಪ್ಪುವುದಿಲ್ಲ. ನನ್ನಮ್ಮನೂ ಕೊನೇವರೆಗೂ ಒಪ್ಪಲಿಲ್ಲ.

ಉತ್ತರ: ಮೈಕ್‌ಸೆಟ್ ಶಿವಮೊಗ್ಗ

ಅಕ್ಕಾ, ನೀವು ಹೇಳಿದ್ದು ನಮ್ಮ ಕಸುಬಿನವರೂ ಒಪ್ಪುವ ಮಾತು. ನಾನು ಮದುವೆ, ಜಾತ್ರೆ, ಸಭೆಗಳಿಗೆ ಸೌಂಡ್ ಹಾಕುವವನು. ನಿಲ್ದಾಣಗಳ ಮೈಕ್ ಯಾಕೆ ಅರ್ಥ ಆಗುವುದಿಲ್ಲ ಅನ್ನುವುದರ ಬಗ್ಗೆ ಸ್ವಲ್ಪ ಸೇರಿಸುತ್ತೇನೆ.

ಸದ್ದು ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಒಂದು ಹಾರ್ನ್ ಸ್ಪೀಕರ್ ನಿಮ್ಮ ಪಕ್ಕದಲ್ಲಿದೆ, ಇನ್ನೊಂದು 20 ಮೀಟರ್ ಆಚೆ ಇದೆ ಅಂದುಕೊಳ್ಳಿ. ಎರಡನೆಯದರ ಮಾತು ಸುಮಾರು 60 ಮಿಲಿಸೆಕೆಂಡ್ ತಡವಾಗಿ ಕಿವಿಗೆ ಬರುತ್ತದೆ. 50 ದಾಟಿದರೆ ನಮ್ಮ ಕಿವಿ ಅದನ್ನು ಬೇರೆ ಸದ್ದು ಅಂತ ಹಿಡಿಯಲು ಶುರು ಮಾಡುತ್ತದೆ. ಅಂಥವು ಸಾಲಾಗಿ ಎಂಟು ಹತ್ತು ಇದ್ದರೆ ಒಂದು ಅಕ್ಷರದ ಮೇಲೆ ಇನ್ನೊಂದು ಅಕ್ಷರ ಕೂರುತ್ತದೆ. ಮೇಲೆ ತಗಡಿನ ಶೀಟು, ಕೆಳಗೆ ಕಲ್ಲಿನ ನೆಲ, ಎಲ್ಲಿಂದಲೂ ಪ್ರತಿಧ್ವನಿ. ಆಗ ಅಲ್ಲಿಯವರು ಮಾಡುವುದೇನು? ವಾಲ್ಯೂಮ್ ಏರಿಸುತ್ತಾರೆ. ಮಾತಿನ ಜೊತೆಗೆ ಪ್ರತಿಧ್ವನಿಯೂ ಅಷ್ಟೇ ಏರುತ್ತದೆ. ಗಳಿಸಿದ್ದು ಸೊನ್ನೆ.

ಒಂದು ಜಾತ್ರೆಯಲ್ಲಿ ನನ್ನ ಕಣ್ಣೆದುರೇ ಹೀಗಾಯಿತು. ಮಗು ಕಳೆದುಹೋಗಿದೆ ಅಂತ ಅನೌನ್ಸ್ ಮಾಡುತ್ತಿದ್ದಾರೆ, ತೇರಿನ ಬೀದಿ ತುಂಬ ದೊಡ್ಡ ಹಾರ್ನುಗಳು, ಮಗುವಿನ ಹೆಸರು ಯಾರಿಗೂ ಗೊತ್ತಾಗುತ್ತಿಲ್ಲ. ಅಜ್ಜ ಸ್ಟೇಜಿನ ಪಕ್ಕದಲ್ಲೇ ನಿಂತಿದ್ದಾರೆ, ಅವರಿಗೇ ತಿಳಿಯುತ್ತಿಲ್ಲ. ನಾವು ಅರ್ಧ ಹಾರ್ನುಗಳ ತಂತಿ ಕಿತ್ತೆವು. ಉಳಿದವುಗಳ ಸದ್ದು ಇಳಿಸಿ, ಆಂಪ್ಲಿಫೈಯರ್‌ನಲ್ಲಿ ಬಾಸ್ ಪೂರ್ತಿ ಕಡಿಮೆ ಮಾಡಿದೆವು. ಮೈಕ್ ಹಿಡಿದವರಿಗೆ ‘ನಿಧಾನ, ಎರಡು ಸಲ, ಮೊದಲು ಊರು ಆಮೇಲೆ ಹೆಸರು’ ಅಂದೆವು. ಜನ ತಿರುಗಿ ನೋಡಲು ಶುರು ಮಾಡಿದರು. ಮಗು ಮಂಡಕ್ಕಿ ಅಂಗಡಿ ಹಿಂದೆ ಸಿಕ್ಕಿತು.

ಬಾಸ್ ಯಾಕೆ ಕಡಿಮೆ ಅಂದರೆ, ದಪ್ಪ ಸದ್ದು ತನಗಿಂತ ಸಣ್ಣ, ಚೂಪು ಸದ್ದುಗಳನ್ನು ಮುಚ್ಚಿ ಹಾಕುತ್ತದೆ. ಮಾತನ್ನು ಬಿಡಿಸಿ ಹೇಳುವುದು ಸ, ಶ, ತ, ಟ, ಕ ಥರದ ಅಕ್ಷರಗಳು. ಅವುಗಳ ಬಲ ಇರುವುದು 2,000 ಹರ್ಟ್ಸ್‌ನಿಂದ ಮೇಲೆ. ಹಾಸನದ ತಮ್ಮಾ, ನಿಮ್ಮ ಫೋನಿನಲ್ಲಿ ಈಕ್ವಲೈಸರ್ ಇದ್ದರೆ ಬಾಸ್ ಇಳಿಸಿ, 2,000ದಿಂದ 4,000ದ ನಡುವಿನದನ್ನು ಸ್ವಲ್ಪ ಏರಿಸಿ ನೋಡಿ. ಮನೆಯಲ್ಲಿ ಕೇಳಿದರೆ ಡಬ್ಬಿ ರೇಡಿಯೊ ಥರ ಇರುತ್ತದೆ. ಬಸ್ ಸ್ಟ್ಯಾಂಡಿನಲ್ಲಿ ಅದೇ ಚೆನ್ನಾಗಿ ಕೇಳುತ್ತದೆ.

ಇನ್ನೊಂದು. ಮೆಟ್ರೊದಲ್ಲಿ ಕನ್ನಡದ ಅನೌನ್ಸ್‌ಮೆಂಟ್ ಓದಿದವರು ಅಪರ್ಣಾ. 2024ರಲ್ಲಿ ತೀರಿಕೊಂಡರು. ನಮ್ಮ ಹುಡುಗರಿಗೆ ನಾನು ಆ ದನಿಯನ್ನೇ ಉದಾಹರಣೆ ಕೊಡುವುದು. ಸ್ಟೇಷನ್ ಹೆಸರಿನ ಮೊದಲ ಅಕ್ಷರ, ಕೊನೆಯ ಅಕ್ಷರ ಎರಡನ್ನೂ ಬಿಡದೆ ಪೂರ್ತಿ ಹೇಳುತ್ತಾರೆ. ಕೂಗುವುದೇ ಇಲ್ಲ.

ಅಮೆರಿಕದಲ್ಲಿ ಕುರುಡರಿಗಾಗಿ ಸದ್ದು ಮಾಡುವ ಸಿಗ್ನಲ್ ಕಂಬಗಳಿಗೆ ಒಂದು ನಿಯಮ ಇದೆ. ಕಂಬದಲ್ಲಿರುವ ಮೈಕ್ ಸುತ್ತಲಿನ ಗದ್ದಲ ಅಳೆದು, ಅದಕ್ಕಿಂತ ಹೆಚ್ಚೆಂದರೆ 5 ಡೆಸಿಬಲ್ ಮೇಲೆ ಸದ್ದು ಮಾಡಬೇಕು. ರಾತ್ರಿ ಮೆಲ್ಲಗೆ, ಸಂಜೆ ಜೋರು. ಜಪಾನಿನ ಸ್ಟೇಷನ್‌ಗಳಲ್ಲಿ ಮೆಟ್ಟಿಲು ಎಲ್ಲಿದೆ ಅಂತ ತಿಳಿಸಲು ಹಕ್ಕಿ ಚಿಲಿಪಿಲಿ ಇಡುತ್ತಾರೆ. ರೈಲಿನ ದಪ್ಪ ಸದ್ದಿನ ನಡುವೆ ಆ ಚೂಪು ಸದ್ದು ತೂರಿಕೊಂಡು ಬರುತ್ತದೆ, ಭಾಷೆಯೂ ಬೇಕಿಲ್ಲ.

ಉತ್ತರ: ರೈಟ್ ರೈಟ್

ನಾನು ಬಸ್ ಕಂಡಕ್ಟರ್. ಯಾವ ಡಿಪೊ ಅಂತ ಕೇಳಬೇಡಿ. ನಮ್ಮ ಕಡೆಯಿಂದ ಎರಡು ಮಾತು.

ನೀವು ‘ಇದು ಯಾವ ಬಸ್ಸು?’ ಅಂದರೆ ನಾವು ನಂಬರ್, ಊರು, ವಯಾ ಎಲ್ಲ ಹೇಳಬೇಕು. ಅಷ್ಟರಲ್ಲಿ ಹಿಂದಿನ ಬಸ್ಸಿನವನು ಹಾರ್ನ್ ಹೊಡೆಯುತ್ತಾನೆ. ‘ಹೆಬ್ಬಾಳ ಹೋಗುತ್ತಾ?’ ಅಂತ ಕೇಳಿ. ಹೌದು, ಇಲ್ಲ, ಎರಡೇ ಉತ್ತರ. ಸದ್ದು ಜಾಸ್ತಿ ಇದ್ದಾಗ ನಾನು ಹೌದು ಅನ್ನುವುದಕ್ಕೆ ಬಾಗಿಲ ತಗಡನ್ನು ಎರಡು ಸಲ ಬಡಿಯುತ್ತೇನೆ. ಬಾಗಿಲು ಎಲ್ಲಿ ಅಂತಲೂ ಅವರಿಗೆ ಗೊತ್ತಾಗುತ್ತದೆ. ಮೈಕ್‌ಸೆಟ್ ಅಣ್ಣ ಹೇಳಿದ ಚೂಪು ಸದ್ದು ಅದೇ ಇರಬೇಕು.

ಕೋಲನ್ನು ಮೈಗೆ ಒತ್ತಿಕೊಂಡು ನಿಲ್ಲಬೇಡಿ. ಮುಂದೆ ಕಾಣುವ ಹಾಗೆ ಹಿಡಿಯಿರಿ. ಎಷ್ಟೋ ಜನ ಮಡಚಿ ಬ್ಯಾಗಿಗೆ ಹಾಕಿರುತ್ತಾರೆ, ಡ್ರೈವರಿಗೆ ಹೇಗೆ ಗೊತ್ತಾಗಬೇಕು? ಮತ್ತೆ ಈಗ ಎಲೆಕ್ಟ್ರಿಕ್ ಬಸ್ಸುಗಳು ಬಂದಿವೆ. ಸದ್ದೇ ಇಲ್ಲದೆ ಬಂದು ಪಕ್ಕದಲ್ಲಿ ನಿಂತಿರುತ್ತವೆ. ನಮಗೆ ಸುಖ, ನಿಮಗೆ ಕಷ್ಟ. ಹುಷಾರು.

ಉತ್ತರ: ಧಾರವಾಡದವ, ಪ್ರಾಗ್

ಎಲೆಕ್ಟ್ರಿಕ್ ಗಾಡಿ ಮಾತು ಬಂತಲ್ಲ, ಯುರೋಪಿನಲ್ಲಿ 2021ರ ಜುಲೈಯಿಂದ ಹೊಸ ಎಲೆಕ್ಟ್ರಿಕ್ ಗಾಡಿಗಳೆಲ್ಲ ಗಂಟೆಗೆ 20 ಕಿಲೋಮೀಟರ್ ವೇಗದವರೆಗೆ ಕೃತಕ ಸದ್ದು ಮಾಡಲೇಬೇಕು.

ನಾನಿರುವುದು ಪ್ರಾಗ್‌ನಲ್ಲಿ. ನನಗೆ ಕಣ್ಣು ಕಾಣುತ್ತದೆ. ಆದರೆ ಇಲ್ಲಿನ ಟ್ರಾಮ್ ಸ್ಟಾಪಿನಲ್ಲಿ ನೋಡಿದ್ದನ್ನು ಹೇಳಲೇಬೇಕು. ಕಣ್ಣಿಲ್ಲದ ಒಬ್ಬ ಹೆಂಗಸು ನಿಂತಿದ್ದರು. ಟ್ರಾಮ್ ಬಂತು. ಅವರು ಕೋಲಿನ ಹಿಡಿಯಲ್ಲೇ ಇದ್ದ ಗುಂಡಿ ಒತ್ತಿದರು. ಟ್ರಾಮ್ ಹೊರಗಿನ ಸ್ಪೀಕರ್‌ನಿಂದ ತನ್ನ ನಂಬರ್, ಹೋಗುವ ಕಡೆ ಎರಡನ್ನೂ ಹೇಳಿತು. ಇನ್ನೊಂದು ಗುಂಡಿ ಒತ್ತಿದರು. ಅದು ಡ್ರೈವರಿಗೆ ‘ಕಣ್ಣಿಲ್ಲದವರು ಹತ್ತುತ್ತಿದ್ದಾರೆ’ ಅಂತ ತಿಳಿಸುವುದಕ್ಕಂತೆ. ಆತ ಕಾದ, ಅವರು ಹತ್ತಿದರು, ಹೋದರು. ಯಾರೂ ಕೈ ಹಿಡಿದು ಎಳೆಯಲಿಲ್ಲ. ಮೆಟ್ರೊ ಬಾಗಿಲುಗಳಲ್ಲೂ ಇದೇ ಗುಂಡಿಗೆ ಮಾತಾಡುವ ಪೆಟ್ಟಿಗೆಗಳಿವೆ. ಕೇಳಿದಾಗ ಮಾತ್ರ ಮಾತಾಡುತ್ತವೆ, ಇಲ್ಲದಿದ್ದರೆ ಸುಮ್ಮನಿರುತ್ತವೆ. ಹಾಗಾಗಿ ಅಕ್ಕಪಕ್ಕದ ಮನೆಯವರ ತಕರಾರೂ ಇಲ್ಲ.

ಇಲ್ಲಿ ಗದ್ದಲವೂ ಕಡಿಮೆ, ಅದು ನಿಜ. ಮೆಜೆಸ್ಟಿಕ್‌ಗೆ ಹಾಗೇ ತಂದು ಕೂರಿಸಲು ಆಗುವುದಿಲ್ಲ.

ಉತ್ತರ: ಇ ಆಂಡ್ ಸಿ ಕೊನೇ ವರ್ಷ

ನಮಸ್ತೆ ಮೇಡಂ. ನಾವು ಎಲೆಕ್ಟ್ರಾನಿಕ್ಸ್ ಆಂಡ್ ಕಮ್ಯುನಿಕೇಷನ್ ಓದುವ ನಾಲ್ಕು ಜನ ಸೇರಿ ಪ್ರಾಜೆಕ್ಟ್‌ಗೆ ದಾರಿ ಹೇಳುವ ಆ್ಯಪ್ ಮಾಡುತ್ತಿದ್ದೇವೆ. ಬ್ಲೂಟೂತ್ ಬೀಕನ್‌ಗಳನ್ನು, ಅಂದರೆ ಸಿಗ್ನಲ್ ಬಿಡುತ್ತಿರುವ ಸಣ್ಣ ಡಬ್ಬಿಗಳನ್ನು, ಕಂಬಗಳಿಗೆ ಅಂಟಿಸಿ, ಹತ್ತಿರ ಬಂದಾಗ ಫೋನ್ ದಾರಿ ಹೇಳುವ ಹಾಗೆ. ಲಂಡನ್ನಿನ ಪಿಮ್ಲಿಕೊ ಸ್ಟೇಷನ್‌ನಲ್ಲಿ ವೇಫೈಂಡರ್ ಅನ್ನುವವರು ಮಾಡಿದ ಇಂಥದ್ದೇ ಪ್ರಯೋಗದ ಬಗ್ಗೆ ಓದಿದ್ದೇವೆ. ಕಣ್ಣು ಕಾಣದವರಿಗೆ ಸದ್ದಿನಿಂದ ದಾರಿ ತೋರಿಸುವ ಬಗ್ಗೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದಿಂದ (ಐಟಿಯು) 2017ರಲ್ಲಿ ಬಂದ ಎಫ್.921 ಮಾನದಂಡವನ್ನೂ ನೋಡಿದ್ದೇವೆ. ನಮ್ಮ ಆ್ಯಪ್‌ನ ಒಂದು ಮಾತು ಹೀಗಿದೆ: ‘ನೀವೀಗ ಪ್ರವೇಶದ್ವಾರದ ಸಮೀಪದಲ್ಲಿದ್ದೀರಿ, ದಯವಿಟ್ಟು ಹನ್ನೆರಡು ಮೀಟರ್ ಮುಂದಕ್ಕೆ ಚಲಿಸಿ, ನಂತರ ನಿಮ್ಮ ಎಡಭಾಗಕ್ಕೆ ತಿರುಗಿ.’ ಲ್ಯಾಬಿನಲ್ಲಿ ಚೆನ್ನಾಗಿ ಕೆಲಸ ಮಾಡಿತು. ಗದ್ದಲಕ್ಕೆ ಏನು ಬದಲಾಯಿಸಬೇಕು?

ಉತ್ತರ: ಆಪರೇಟರ್ ಅಕ್ಕ

ಮಕ್ಕಳಾ, ಇದು ಭಾಷಣ. ‘ದಯವಿಟ್ಟು’ ಅನ್ನುವಷ್ಟರಲ್ಲಿ ನಾನು ಕಂಬಕ್ಕೆ ಹಣೆ ಕೊಟ್ಟಿರುತ್ತೇನೆ.

ಮೊದಲು ಒಂದು ಸಣ್ಣ ‘ಟಿಂಗ್’ ಬರಲಿ. ಕಿವಿಗೆ ‘ಈಗ ಮಾತು ಬರುತ್ತದೆ’ ಅಂತ ಗೊತ್ತಾಗಬೇಕು, ಇಲ್ಲದಿದ್ದರೆ ಮೊದಲ ಪದ ಯಾವಾಗಲೂ ದಂಡ. ಆಮೇಲೆ ‘ಎಡಕ್ಕೆ. ಮೆಟ್ಟಿಲು. ಎಡಕ್ಕೆ.’ ಇಷ್ಟೇ. ದಿಕ್ಕು ಎರಡು ಸಲ ಬರಲಿ, ಒಂದು ಹೋದರೆ ಇನ್ನೊಂದು ಉಳಿಯುತ್ತದೆ. ಜೊತೆಗೆ ಫೋನ್ ನಡುಗಲಿ, ಎಡಕ್ಕೆ ಒಂದು, ಬಲಕ್ಕೆ ಎರಡು. ಮಾತು ಹೋದರೂ ನಡುಕ ಕೈಗೆ ಸಿಗುತ್ತದೆ. ಎಡಕ್ಕೆ ತಗ್ಗು ದನಿ, ಬಲಕ್ಕೆ ಏರು ದನಿ ಅಂತ ಟಿಂಗ್ ಅನ್ನೇ ಬೇರೆ ಬೇರೆ ಮಾಡಿದರೂ ಆದೀತು.

ಮೀಟರ್ ಲೆಕ್ಕ ಬಿಡಿ. ಹನ್ನೆರಡು ಮೀಟರ್ ಅಂದರೆ ಎಷ್ಟು ಹೆಜ್ಜೆ ಅಂತ ಯಾರು ಎಣಿಸುತ್ತಾರೆ, ಜನ ತಳ್ಳುತ್ತಿರುವಾಗ? ಕೋಲಿಗೆ ಸಿಗುವ ಗುರುತು ಹೇಳಿ. ‘ಜಾಲರಿ ಸಿಗುವವರೆಗೆ ನೇರ.’ ‘ಇಳಿಜಾರು ಬಂದ ಮೇಲೆ ಬಲಕ್ಕೆ.’

ಬೀಕನ್ ವಿಷಯ ನನಗಿಂತ ನಿಮಗೆ ಚೆನ್ನಾಗಿ ಗೊತ್ತಿರಬೇಕು. ನಮ್ಮ ಸಂಘದ ಹುಡುಗನೊಬ್ಬ ಹೇಳುತ್ತಿದ್ದ, ಮನುಷ್ಯರ ಮೈಯಲ್ಲಿರುವ ನೀರು ಆ 2.4 ಗಿಗಾಹರ್ಟ್ಸ್ ಸಿಗ್ನಲ್ಲನ್ನು ಹೀರಿಬಿಡುತ್ತದಂತೆ. ಖಾಲಿ ಲ್ಯಾಬಿನಲ್ಲಿ ಎರಡು ಮೂರು ಮೀಟರ್ ಹೆಚ್ಚುಕಮ್ಮಿ ತೋರಿಸುವುದು, ಸಂತೆಯ ಹಾಗೆ ಜನ ಸೇರಿದಾಗ ಇನ್ನೂ ಎಲ್ಲೆಲ್ಲಿಗೋ ಹೋಗುತ್ತದೆ. ಗದ್ದಲ ಜಾಸ್ತಿ ಇರುವಾಗಲೇ ಜನವೂ ಜಾಸ್ತಿ, ಅಲ್ವಾ? ಅಂದರೆ ಮಾತೂ ಕೇಳುವುದಿಲ್ಲ, ಜಾಗವೂ ತಪ್ಪು. ಬೀಕನ್ ತಲೆಗಿಂತ ಮೇಲೆ ಅಂಟಿಸಿ. ಖಚಿತ ಇಲ್ಲದಾಗ ಆ್ಯಪ್ ಬಾಯಿ ಮುಚ್ಚಿಕೊಂಡಿರಲಿ. ತಪ್ಪು ದಾರಿ ಹೇಳುವುದಕ್ಕಿಂತ ಏನೂ ಹೇಳದಿರುವುದು ವಾಸಿ.

ಮೈಕ್ರೊಸಾಫ್ಟ್‌ನವರು 2018ರಲ್ಲಿ ‘ಸೌಂಡ್‌ಸ್ಕೇಪ್’ ಅಂತ ಒಂದು ಆ್ಯಪ್ ಬಿಟ್ಟಿದ್ದರು. ಯಾವ ಕಡೆ ಜಾಗ ಇದೆಯೋ ಆ ಕಡೆಯಿಂದಲೇ ಸದ್ದು ಬಂದ ಹಾಗೆ ಕೇಳಿಸುತ್ತಿತ್ತು. ತುಂಬ ಚಂದ. ಆದರೆ ಅದಕ್ಕೆ ಎರಡೂ ಕಿವಿ ಬೇಕು. 2023ರಲ್ಲಿ ಅವರು ನಿಲ್ಲಿಸಿ, ಕೋಡನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಅದನ್ನು ಇಳಿಸಿಕೊಂಡು ನೋಡಿ, ಸೊನ್ನೆಯಿಂದ ಶುರು ಮಾಡುವುದು ತಪ್ಪುತ್ತದೆ.

ಉತ್ತರ: ಹಾಸನದ ಹುಡುಗ

ಅಕ್ಕಾ, ಎಲ್ಲರಿಗೂ ಥ್ಯಾಂಕ್ಸ್. ತಂತಿ ಇಯರ್‌ಫೋನ್, ಮೋನೊ, ಬಾಸ್ ಕಡಿಮೆ, ಮೂರೂ ಮಾಡಿ ನೋಡಿದೆ. ಕಂಬದ ಹಿಂದೆ ನಿಂತು ಕೇಳುವುದು ದೊಡ್ಡ ಉಪಕಾರ ಆಯಿತು. ‘ಹೆಬ್ಬಾಳ ಹೋಗುತ್ತಾ’ ಅನ್ನುವುದೂ ಕೆಲಸ ಮಾಡುತ್ತಿದೆ. ಒಬ್ಬರು ತಗಡು ಬಡಿದರು, ‘ರೈಟ್ ರೈಟ್’ ಅವರೇ ಇರಬಹುದು ಅಂತ ನಗು ಬಂತು.

ಒಂದು ಉಳಿದಿದೆ. ಮಳೆ ಬಂದರೆ? ಶೀಟಿನ ಮೇಲೆ ಜೋರು ಮಳೆ ಬೀಳುವಾಗ ಏನಂದರೆ ಏನೂ ಕೇಳುವುದಿಲ್ಲ.

ಉತ್ತರ: ಆಪರೇಟರ್ ಅಕ್ಕ

ಮಳೆಗೆ ಉಪಾಯ ಇಲ್ಲ. ಅದು ಎಲ್ಲ ದಪ್ಪ ಸದ್ದು, ಎಲ್ಲ ಚೂಪು ಸದ್ದು ಎರಡನ್ನೂ ಒಟ್ಟಿಗೆ ಸುರಿಯುತ್ತದೆ. ಮೈಕ್‌ಸೆಟ್ ಅವರ ಈಕ್ವಲೈಸರ್ ಕೂಡ ಕೈ ಎತ್ತುತ್ತದೆ. ಕೆಳಗೆ ಮೆಟ್ರೊ ಸ್ಟೇಷನ್‌ನಲ್ಲೇ ನಿಂತು ಕಾಫಿ ಕುಡಿ. ಅವಸರ ಇದ್ದರೆ ಪಕ್ಕದಲ್ಲಿರುವವರ ಮೊಣಕೈ ಕೇಳಿ ಪಡಕೋ. ಅವರು ನಿನ್ನನ್ನು ಹಿಡಿಯಬಾರದು, ನೀನು ಅವರನ್ನು ಹಿಡಿಯಬೇಕು. ಅದರಲ್ಲಿ ನಾಚಿಕೆ ಏನೂ ಇಲ್ಲ.

ಇ ಆಂಡ್ ಸಿ ಮಕ್ಕಳು ಆ್ಯಪ್ ಪರೀಕ್ಷೆ ಮಾಡಲು ಬರುತ್ತೀರಾ ಅಂತ ಮೆಸೇಜ್ ಹಾಕಿದ್ದಾರೆ. ಬರುತ್ತೇನೆ. ಹಾಸನದ ತಮ್ಮನೂ ಬರಲಿ. ಆದರೆ ನೀವು ಹೇಳಿದ ಭಾನುವಾರ ಬೆಳಗ್ಗೆ ಬೇಡ. ಶುಕ್ರವಾರ ಸಂಜೆ ಆರಕ್ಕೆ ಇಟ್ಟುಕೊಳ್ಳಿ, ಊರಿಗೆ ಹೋಗುವವರೆಲ್ಲ ಬ್ಯಾಗ್ ಹೊತ್ತು ಬಂದಿರುತ್ತಾರೆ. ನಿಮ್ಮಲ್ಲಿ ಒಬ್ಬರು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ನನ್ನ ಜೊತೆ ನಡೆಯುವುದಾದರೆ ಮಾತ್ರ.